ಎರಡು ವರ್ಷ ತಡವಾದ ಬೀಳ್ಕೊಡುಗೆ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯ ಗುರುಪ್ರಕಾಶ್ ಅವರೇ, ತುಮಕೂರಿನಿಂದ ಬಿಡುವು ಮಾಡಿಕೊಂಡು ಬಂದಿರುವ ಫಿಸಿಯೋಥೆರಪಿಸ್ಟ್ ಝೋಯಾ ಮೇಡಂ ಅವರೇ, ಸಹೋದ್ಯೋಗಿಗಳೇ, ನನ್ನಿಂದ ಪೆಟ್ಟು ತಿಂದ ಹಾಗೂ ತಪ್ಪಿಸಿಕೊಂಡ ವಿದ್ಯಾರ್ಥಿಗಳೇ, ಸಭಿಕರೇ,

ನಿಟ್ಟೂರಿನ ಈ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಮಾಸ್ಟರಾಗಿದ್ದ ಅಡವಿಯಪ್ಪನ, ಅಂದರೆ ನನ್ನ, ಬೀಳ್ಕೊಡುಗೆ ಇದು. ಎರಡು ವರ್ಷ ತಡವಾಗಿದೆ. ಬ್ಯಾನರ್ ಅದೇ; ತಾರೀಖಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ಕಾಗದ ಸೊಟ್ಟಗಿದೆ. ಇರಲಿ, ಕಳೆದ ಸಲ ಸೊಟ್ಟ ತಿದ್ದಲು ಹೋಗಿಯೇ ಕೆಟ್ಟೆ.

ಅಂದು ಆದದ್ದೇನು? ನನ್ನ ಸಮಾರಂಭದ ತೋರಣ ಒಂದು ಗೇಣು ಓರೆಯಾಗಿತ್ತು. ಬೆಂಚು ಹತ್ತಬೇಡಿ ಎಂದು ಸಾವಿರ ಮಕ್ಕಳಿಗೆ ಗದರಿದ ನಾನು, ಬೆಂಚಿನ ಮೇಲೆ ಕುರ್ಚಿ ಇಟ್ಟು ಹತ್ತಿದೆ. ತೋರಣ ನೆಟ್ಟಗಾಯಿತು. ನಾನು ಬಿದ್ದೆ. ಬೆನ್ನುಹುರಿ ಜಜ್ಜಿಹೋಗಿದೆ, ಪೂರ್ತಿ ಕಡಿದಿಲ್ಲ, ಆಸೆ ಇಟ್ಟುಕೊಳ್ಳಿ ಎಂದರು ಡಾಕ್ಟರು. ಎರಡು ಕಾಲೂ ಮಾತು ಕೇಳುವುದನ್ನು ನಿಲ್ಲಿಸಿದವು. ಮಾತು ಕೇಳದವರನ್ನು ನಾನು ಕಂಡಿರಲಿಲ್ಲವೇ? ಆದರೆ ಇವಕ್ಕೆ ಗ್ರೌಂಡ್ ಸುತ್ತು ಹೊಡೆಸುವಂತಿರಲಿಲ್ಲ.

ಝೋಯಾ ಮೇಡಂ ಮೊದಲ ದಿನವೇ ಕೇಳಿದರು: "ಸಾರ್, ದಿನಾ ಎರಡು ಹೊತ್ತು ಕಾಲು ಮಡಿಸಿ ಚಾಚಿಸ್ಬೇಕು. ಮನೇಲಿ ಯಾರ್ ಮಾಡ್ತಾರೆ?"

ಇನ್ನಾರು ಮಾಡುತ್ತಾರೆ? ನನ್ನ ಹೆಂಡತಿ ಸರ್ವಮಂಗಳಮ್ಮ. ಕುಣಿಗಲ್ ಕಡೆಯ ಕೊತ್ತಗೆರೆಯವರು. ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಎಲ್ಲರೂ ತಿರುಗಿ ನೋಡಬೇಡಿ, ಅವರಿಗೆ ಸೇರುವುದಿಲ್ಲ. ಅವರು ಕಾಲೆತ್ತುತ್ತಿದ್ದರು, ನಾನು ಮಲಗಿಕೊಂಡೇ ಒನ್, ಟೂ ಎನ್ನುತ್ತಿದ್ದೆ. ಮೊಣಕೈ ನೆಟ್ಟಗಿರಲಿ ಎನ್ನುತ್ತಿದ್ದೆ. ತಾಳ ತಪ್ಪಿದರೆ ಮೊದಲಿನಿಂದ ಮಾಡಿಸುತ್ತಿದ್ದೆ. ಐದು ತಿಂಗಳು, ಸಭಿಕರೇ! ಒಂದು ಬೆಳಿಗ್ಗೆ ಅವರು ಕಾಲನ್ನು ಅರ್ಧಕ್ಕೇ ಕೆಳಗಿಟ್ಟರು. "ಕಾಲು ನಿಮ್ದು, ನೀವೇ ಎತ್ಕಳಿ. ನಂಗೆ ಸಾಕಾಗೈತೆ" ಎಂದು ಹಿತ್ತಲಿಗೆ ಹೋಗಿ ಕೂತರು.

ಆ ಸಿಟ್ಟಿನಲ್ಲಿ ನನ್ನ ಬಲಗಾಲಿನ ಹೆಬ್ಬೆರಳು ಅಲುಗಿತು. ಕೂಗಿ ಹೇಳಿದೆನೇ? ಹೇಳಲಿಲ್ಲ. ಹನ್ನೊಂದು ದಿನ ಹೇಳಲಿಲ್ಲ. ಹೇಳಿದರೆ ಅವರ ಮಾತು ಗೆದ್ದಂತಾಗುತ್ತದಲ್ಲ ಎಂಬ ಹಟ. ಸಾಕಾಯಿತು ಎಂದವರೇ ಆ ಹನ್ನೊಂದು ದಿನವೂ ಬಂದು ಕಾಲೆತ್ತಿದರು, ಹಾಸಿಗೆ ಬಟ್ಟೆ ಬದಲಿಸಿದರು, ಹಿತ್ತಲಲ್ಲಿ ಅತ್ತರು. ನನಗೆ ಕೇಳಿಸುತ್ತಿತ್ತು. ಹನ್ನೆರಡನೇ ದಿನ, "ಬಾರೇ, ಈಗಷ್ಟೇ ಬೆರಳು ಅಲುಗ್ತು" ಎಂದೆ. ಅವರು ತುಪ್ಪದ ದೀಪ ಹಚ್ಚಿದರು. ಇದನ್ನು ನಾನು ಭಾಷಣದಲ್ಲಿ ಬರೆದುಕೊಂಡಿರಲಿಲ್ಲ. ನಿಜ ಅವರಿಗೆ ಗೊತ್ತಾಗುತ್ತಿರುವುದೂ ಈಗಲೇ. ನನಗೆ ನಾಚಿಕೆಯಾಗುತ್ತಿದೆ.

ಆಮೇಲೆ ಎರಡೂ ಕೈಯಲ್ಲಿ ಹಿಡಿದು ನಡೆಯುವ ವಾಕರ್ ಬಂತು. ಕ್ಲಿನಿಕ್ಕಿನಲ್ಲಿ ಎರಡು ಕಂಬಿಗಳ ನಡುವೆ ಕೈ ಬಿಟ್ಟು ನಿಲ್ಲುವುದನ್ನು ಕಲಿತೆ. ಇದುವರೆಗಿನ ದಾಖಲೆ ಒಂಬತ್ತು ಸೆಕೆಂಡು. ಮನೆಯಲ್ಲಿ ಒಮ್ಮೆಯೂ ನಿಂತು ತೋರಿಸಿಲ್ಲ. ಬಿದ್ದರೆ ಎತ್ತಬೇಕಾದವರು ಅವರೇ ಅಲ್ಲವೇ?

ಇಂದು ನಮ್ಮ ಮನೆಯವರಿಗೂ ವೇದಿಕೆಯಲ್ಲಿ ಒಂದು ಕುರ್ಚಿ ಹಾಕಿಸಿ ಎಂದು ಗುರುಪ್ರಕಾಶ್ ಅವರನ್ನು ಕೇಳಿಕೊಂಡಿದ್ದೆ. ಆಹ್ವಾನ ಪತ್ರಿಕೆಯಲ್ಲಿ ನನ್ನೊಬ್ಬನ ಹೆಸರೇ ಅಚ್ಚಾಗಿದೆಯಂತೆ, ಕುರ್ಚಿ ಬರಲಿಲ್ಲ. ನಿಂತು ಶಾಲು ಸ್ವೀಕರಿಸುತ್ತೇನೆ ಎಂದರೆ ನಾಲ್ಕು ಜನ ಹೆಗಲು ಅದುಮಿ ಕೂರಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟಿರಿ. ಗೌರವ ದೊಡ್ಡದು. ಬುಟ್ಟಿಯೂ ದೊಡ್ಡದು.

ಯಾರಾದರೂ ಬುಟ್ಟಿ ತೆಗೆಯಿರಿ. ವಾಕರ್ ಇತ್ತ ಕೊಡಿ.

ಸರ್ವಮಂಗಳಾ, ಮೇಲೆ ಬಾ. ಇಲ್ಲಿ ಖಾಲಿ ಕುರ್ಚಿ ಇಲ್ಲ; ನೀನು ಕೂರಬೇಕಾದರೆ ನಾನು ಏಳಬೇಕು. ಏಳುತ್ತಿದ್ದೇನೆ. ಯಾರೂ ಹಿಡಿಯಬೇಡಿ. ಕೋಪವಿದ್ದರೆ ಕೋಪದಲ್ಲೇ ಬಾ, ಆದರೆ ಬಾ.

ಕೂತೆಯಾ? ಸರಿ. ಸಭೆಗೆ, ಶಾಲೆಗೆ, ಝೋಯಾ ಮೇಡಂಗೆ ನನ್ನ ವಂದನೆಗಳು. ಅದಕ್ಕೆ ಬಾಯಿ ಸಾಕು. ನಿನಗೆ ಹೇಳುವುದಕ್ಕೆ ಎರಡೂ ಕೈ ಬೇಕು. ವಾಕರ್ ಬಿಡುತ್ತಿದ್ದೇನೆ.

ತಪ್ಪಾಯಿತು, ಸರ್ವಮಂಗಳಾ. ನಮಸ್ಕಾರ.