ನಮ್ಮ ತೊರೆಯನ್ನು ಮುಚ್ಚಿದವರು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಎಡಬಲಕ್ಕಿರುವ ಗಣ್ಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಮತ್ತು ಸಿಗದಿರುವ ನನ್ನ ಪ್ರೀತಿಯ ಸಭಿಕರೇ,

ಕೆಳಗಿನ ಬೀದಿಯ ನಿವಾಸಿಗಳ ಸಂಘದವರಾದ ನೀವು ನಿಮ್ಮ ವಾರ್ಷಿಕ ಸಭೆಯಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ನಮ್ಮ ಜಮೀನಿನಲ್ಲಿ ಮುಚ್ಚಿಹೋಗಿದ್ದ ತೊರೆಯನ್ನು ಮತ್ತೆ ಹರಿಸಿದೆ ಎಂಬುದು ಕಾರಣ. ನಾನು ಪಂಪ್ ರಿಪೇರಿ ಮಾಡುವವನು. ನೀರು ತಾನಾಗಿಯೇ ಹರಿದರೆ ನನ್ನ ಹೊಟ್ಟೆಪಾಡಿಗೇ ಸಂಚಕಾರ. ಅಂಥವನಿಗೆ ನೀರು ಹರಿಸಿದ್ದಕ್ಕೆ ಫಲಕ ಕೊಟ್ಟಿದ್ದೀರಿ. ನಗಬೇಕೆನಿಸಿದವರು ನಗಬಹುದು. ನನಗೆ ಅಷ್ಟು ಶಕ್ತಿ ಉಳಿದಿಲ್ಲ. ಸೊಂಟ ಇನ್ನೂ ಹಿಡಿದುಕೊಂಡಿದೆ, ಅಂಗೈ ಬೊಬ್ಬೆಯ ಗುರುತು ಮಾಸಿಲ್ಲ.

ವಂದನೆ ಹೇಳಿ ಕೂತುಬಿಡೋಣ ಎಂದುಕೊಂಡಿದ್ದೆ. ಆದರೆ ಅಧ್ಯಕ್ಷರು ಪರಿಚಯ ಮಾಡುತ್ತಾ "ಹಿರಿಯರ ನಿರ್ಲಕ್ಷ್ಯದಿಂದ ಹಾಳಾಗಿದ್ದ ತೊರೆ" ಎಂದರು. ಅವರ ತಪ್ಪಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ನಿರ್ಲಕ್ಷ್ಯವೇ? ಸ್ವಾಮಿ, ಆ ತೊರೆಯ ಮೇಲೆ ನಮ್ಮಪ್ಪ ಇಟ್ಟಷ್ಟು ಲಕ್ಷ್ಯ ಬೇರೆ ಯಾರೂ ಇಟ್ಟಿರಲಿಕ್ಕಿಲ್ಲ.

ನನಗೊಬ್ಬಳು ತಂಗಿ ಇದ್ದಳು. ಪುಟ್ಟಿ ಎಂದು ಕರೆಯುತ್ತಿದ್ದೆವು. ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ತೊರೆಯ ತಿರುವಿನಲ್ಲಿ ಬಟ್ಟಲು ತೇಲಿಬಿಡುತ್ತಿದ್ದವಳು ಅದರ ಹಿಂದೆಯೇ ಇಳಿದಳು. ಅಮ್ಮ ಅಲ್ಲೇ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಬೆನ್ನು ತಿರುಗಿಸಿದ್ದಳು, ಅಷ್ಟೇ. ನಾನು ಬರುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು.

ಕೆಲವು ದಿನ ಕಳೆದ ಮೇಲೆ ಅಪ್ಪ ಕೆಲಸದಿಂದ ಬಂದವರೇ ತಳ್ಳುಗಾಡಿ ಹಿಡಿಯತೊಡಗಿದರು. ಒಡೆದ ಇಟ್ಟಿಗೆ, ಮಣ್ಣು, ಹಳೆಯ ಟೈರು, ಕಲ್ಲಾಗಿ ಹೋದ ಸಿಮೆಂಟ್ ಚೀಲ, ಸಿಕ್ಕಿದ್ದೆಲ್ಲ ತೊರೆಗೆ. ನೀರು ಕಣ್ಣಿಗೆ ಬೀಳದಂತಾಗುವವರೆಗೂ ಸುರಿದರು. ಆಮೇಲೆ ಅದರ ಮೇಲೆ ಮುಳ್ಳುಪೊದೆ ಬೆಳೆಯಿತು. ಆ ಪೊದೆಯನ್ನು ನೋಡಿದವರು ನಿರ್ಲಕ್ಷ್ಯ ಎಂದರು. ನಾವು ಯಾರೂ ತಿದ್ದಲಿಲ್ಲ. ಆ ಕಡೆಯ ಕಿಟಕಿ ಮುಚ್ಚಿದ ಅಮ್ಮ ಮತ್ತೆ ಅದನ್ನು ತೆರೆಯಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಆದರೆ ನೀರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದಾರಿ ಸಿಗದೆ ಪ್ರತಿ ಮಳೆಗಾಲವೂ ನಿಮ್ಮ ಮನೆಗಳಿಗೆ ನುಗ್ಗಿತು. ಹೋದ ವರ್ಷ, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿರುವ ಟೈಲರ್ ಅಕ್ಕ ತಮ್ಮ ಬಾಣಂತಿ ಮಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದ್ದರು. ಸುತ್ತ ನೀರು. ಕೂಸನ್ನು ಎತ್ತಿಕೊಂಡು ಹೊರಗೆ ಬಂದವನು ನಾನು. ಅವತ್ತೇ ನಿರ್ಧಾರ ಮಾಡಿದೆ.

ಆದರೆ ಅಮ್ಮನಿಗೆ ಹೇಗೆ ಹೇಳುವುದು? ಹೇಗೆ ಹೇಳುವುದು, ನೀವೇ ಹೇಳಿ. "ಸುತ್ತಿ ಬಳಸಿ ಮಾತಾಡ್ಬೇಡಿ, ನೇರವಾಗಿ ಹೇಳಿಬಿಡಿ" ಎಂದಳು ನನ್ನ ಹೆಂಡತಿ. ಊಟಕ್ಕೆ ಕೂತಾಗ ಹೇಳಿದೆ. ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು.

"ನಿಮ್ಮಪ್ಪ ಮುಚ್ಚಿದ್ದನ್ನ ನೀನು ತೆಗೀತೀಯಾ?"

"ಕೆಳಗಡೆ ಮನೆಗಳಲ್ಲೂ ಮಕ್ಕಳಿದ್ದಾರಮ್ಮಾ."

ಅಮ್ಮ ಎದ್ದು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಮಣ್ಣು ಅಗೆಯುವ ಯಂತ್ರದ ಡ್ರೈವರ್ ಪೊದೆ ತೆಗೆದು ಕೆಳಗೆ ನೋಡಿ, "ಸಾರ್, ಇದು ತಾನಾಗಿ ಮುಚ್ಚಿದ್ದಲ್ಲ. ಯಾರೋ ಗೋಡೆ ಕಟ್ಟಿದ ಹಾಗೆ ತುಂಬಿದ್ದಾರೆ" ಎಂದ. ತಿರುವಿನ ಹತ್ತಿರ ಯಂತ್ರ ನಿಲ್ಲಿಸಲು ಹೇಳಿದೆ. ಅಲ್ಲಿಯದನ್ನು ಕೈಯಿಂದಲೇ ತೆಗೆದೆ. ಅಪ್ಪ ಒಂದೊಂದಾಗಿ ಹಾಕಿದ ಇಟ್ಟಿಗೆ, ಒಂದೊಂದಾಗಿ. ಅಳು ಬರಬಹುದು ಎಂದುಕೊಂಡಿದ್ದೆ. ಬಂದದ್ದು ಬರೀ ಸುಸ್ತು. ನೀರು ಹರಿಯಿತು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಈ ಮಳೆಗಾಲ ನಿಮ್ಮ ಹೊಸಿಲು ಒದ್ದೆಯಾಗಲಿಲ್ಲ. ಸಂತೋಷ. ನೀರು ಹರಿದ ದಿನ ನಾನು ಮನೆಗೆ ಹೋಗಿ, ಮಾತಿಲ್ಲದೆ ಊಟ ಮಾಡಿ ಮಲಗಿದೆ.

ಇವತ್ತು ಇಲ್ಲಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಮ್ಮ ಬಾಗಿಲಿಗೆ ಬಂದು ನಿಂತಳು.

"ಆ ತಿರುವಲ್ಲಿ ಎಷ್ಟು ಆಳ ಬಿಟ್ಟಿದ್ದೀಯಾ?"

"ಹೆಚ್ಚಿಲ್ಲಮ್ಮಾ, ಮೊಣಕಾಲುದ್ದ."

"ಯಾರ ಮೊಣಕಾಲು?"

ಸಭಿಕರೇ, ನಾನು ಅಳೆದದ್ದು ನನ್ನ ಕಾಲಿನಿಂದ. ಅಮ್ಮ ನನ್ನ ಭುಜ ಹಿಡಿದು ಕಷ್ಟಪಟ್ಟು ಬಗ್ಗಿ, ಬಾಗಿಲ ಚೌಕಟ್ಟಿನ ಮೇಲೆ ಬೆರಳಿಟ್ಟಳು. "ಇಲ್ಲಿಗೆ. ಅವಳದು ಇಷ್ಟೇ ಇತ್ತು."

ಹಾಗಾಗಿ ಕೆಲಸ ಮುಗಿದಿಲ್ಲ. ಮುಗಿಯಿತೆಂದು ಫಲಕದಲ್ಲಿದೆ, ಇರಲಿ. ನಾಳೆ ಬೆಳಿಗ್ಗೆ ತಿರುವಿನ ತಳಕ್ಕೆ ಚಪ್ಪಟೆ ಕಲ್ಲು ಹಾಸಿ ಆಳ ತಗ್ಗಿಸಬೇಕು. ಬಿಡುವಿದ್ದವರು ಬನ್ನಿ. ಅಮ್ಮನೂ ಬರುತ್ತಾಳಂತೆ, ದಡದಲ್ಲಿ ಕುರ್ಚಿ ಹಾಕು ಎಂದಿದ್ದಾಳೆ. ಅವಳು ಸಾಕು ಎನ್ನುವವರೆಗೂ ಹಾಸೋಣ.

ಕರೆದಿರಿ, ಕೂತು ಕೇಳಿಸಿಕೊಂಡಿರಿ. ನಿಮಗೆಲ್ಲ ನಾನು ಕೃತಜ್ಞ. ನಮಸ್ಕಾರ.