ಅಕ್ಕ ಕಂಡ ಹೊಸ ಟರ್ಮಿನಲ್

ತಿಂಗಳ ಹಿಂದಷ್ಟೇ ತೆರೆದ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ನಲ್ಲಿ ದರ್ಜಿಯೊಬ್ಬ ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ ವಯಸ್ಸಾದ ಅಕ್ಕತಂಗಿಯರಿದ್ದರು. ಅಕ್ಕ ಕಪ್ಪು ಕನ್ನಡಕ ಹಾಕಿದ್ದಳು. ಅವರ ಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಸೂರು ಎಷ್ಟು ಎತ್ತರಕ್ಕೆ ಕಟ್ಟಿದಾರಲ್ಲೇ! ಊರಿಂದ ಬಂದಿಳಿದಾಗ ನೀನು ಹೇಳಿದ್ದೆ. ಬುರುಡೆ ಬಿಡ್ತಿದೀಯ ಅಂದ್ಕೊಂಡಿದ್ದೆ,” ಎಂದಳು ಅಕ್ಕ.

“ಈಗ ಕಣ್ತುಂಬ ನೋಡು. ಅದಕ್ಕೇ ತಾನೇ ಆಪರೇಷನ್ ಮಾಡಿಸಿದ್ದು?”

“ನೆಲದಲ್ಲಿ ಮುಖಾನೇ ನೋಡ್ಕೋಬಹುದು. ಆ ಬೋರ್ಡಲ್ಲಿ ಗೇಟ್ ಹನ್ನೊಂದು ಅಂತಿದೆ. ಸರಿ ತಾನೇ?”

“ಸರೀನೇ ಅಕ್ಕ.”

“ಆರು ವರ್ಷ ಎಲ್ಲಾನೂ ನೀನೇ ನೋಡಿ ನನಗೆ ಹೇಳಿದೆ. ಒಂದನ್ನ ಮಾತ್ರ ಮುಚ್ಚಿಟ್ಟೆ.”

“ಏನನ್ನ?”

“ನಿನ್ನ ತಲೆ ಪೂರ್ತಿ ನೆರೆತಿದ್ದನ್ನ. ನನ್ನ ಜೊತೆ ಅಲೆದೂ ಅಲೆದೂ ನೀನೇ ಮುದುಕಿ ಆಗ್ಬಿಟ್ಟಿದೀಯಲ್ಲೇ!”

“ಹೇಳಿದ್ರೆ, ಇವಳಿಗೂ ವಯಸ್ಸಾಯ್ತು ಅಂತ ನೀನು ನನ್ನ ಕೈ ಹಿಡಿಯೋದನ್ನೇ ಬಿಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ.”

ಸಾಲು ಮುಂದೆ ಸರಿಯಿತು.

“ಬಾ, ಇವತ್ತು ನಾನು ಮುಂದೆ ಹೋಗ್ತೀನಿ,” ಎಂದು ಅಕ್ಕ ತಂಗಿಯ ಕೈ ಹಿಡಿದು ಕರೆದುಕೊಂಡು ಹೋದಳು.