ಅಂಟುವಾಳಕ್ಕೆ ಬಂದ ಅಪವಾದ

ಹಲೋ… ಯಾರು ಮಾತಾಡ್ತಿರೋದು?… ಓ, ಭಾವಾನಾ! ದನಿ ಗುರುತೇ ಸಿಗ್ಲಿಲ್ಲ. ಅಕ್ಕ ಹೋದ ಮೇಲೆ ನೀವಾಗಿ ಫೋನ್ ಮಾಡಿದ್ದು ಯಾವಾಗ ಹೇಳಿ.

…

ಹಾಂ, ಆ ಸದ್ದಾ? ಒಲೆ ಮೇಲೆ ಅಂಟುವಾಳದ ಕಾಯಿ ಕುದೀತಿದೆ. ಸಂಜೆ ಪುಟ್ಟಿ ಬರ್ತಾಳಲ್ಲ, ಅವಳ ಹೊದಿಕೆ ಒಗೆದಿಡೋಣ ಅಂತ.

…

ಬರಲ್ವಾ? ಯಾಕೆ ಬರಲ್ಲ? ನಾಲ್ಕು ದಿನ ಇರ್ಲಿ ಅಂತ ತಾನೇ ಕರ್ಕೊಂಡು ಹೋಗಿದ್ದು?

…

ಮತ್ತೆ ದದ್ದಾ? ಮೈಯೆಲ್ಲಾ?… ಏನಂದ್ರಿ? ನಾನು ಕಳಿಸಿದ ಕಾಯಿರಸದಿಂದಲಾ? ಭಾವ, ತೊಟ್ಟಿಲ ಕೂಸಾಗಿದ್ದಾಗ ರಕ್ತ ಬರೋ ಹಾಗೆ ಕೆರ್ಕೋತಿದ್ಲು. ಅದಕ್ಕೇ ಅಲ್ವಾ ಸೋಪಿನ ಪುಡಿ, ನೀಲಿ, ಘಮಘಮ ನೀರು ಎಲ್ಲ ಮನೆಯಿಂದಾಚೆ ಹಾಕಿದ್ದು? ಕಾಯಿ ನೆನೆಸಿ, ಕುದಿಸಿ, ಸೋಸಿ, ಅದ್ರಲ್ಲೇ ಅವಳ ಬಟ್ಟೆ ಒಗೆದು, ಕೊನೇ ಸಲ ಜಾಲಿಸೋವಾಗ ಒಂದು ಮುಚ್ಚಳ ವಿನೆಗರ್ ಬಿಟ್ಟು… ಆಮೇಲೆ ಒಂದು ದದ್ದಾದ್ರೂ ಎದ್ದಿತ್ತಾ?

…

ನೊರೆ ಬರ್ಲಿಲ್ಲ ಅಂತಾನಾ? ನೊರೆ ಬರ್ಲಿಲ್ಲ ಅಂತ ನಿಮ್ಮ ಹೊಸ ಹೆಂಡ್ತಿ ನನ್ನ ರಸಕ್ಕೆ ಪುಡಿ ಬೆರೆಸಿದ್ರಾ! ಸರಿ ಹೋಯ್ತು. ಹಾಲಿಗೆ ಹುಳಿ ಹಿಂಡಿ, ಹಸುವೇ ಸರಿಯಿಲ್ಲ ಅಂದ ಹಾಗಾಯ್ತು.

…

ಬಟ್ಟೆ ಬೆಳ್ಳಗಾಗ್ಬೇಕಿತ್ತಾ? ಬೆಳ್ಳಗಿರೋದೆಲ್ಲ ಹಾಲಲ್ಲ ಭಾವ.

…

ಯಾರು, ಪುಟ್ಟೀನೇ ಹೇಳಿದ್ಲಾ? ಏನಂತ?… ಚಿಕ್ಕಿ ಒಗೆದ ಬಟ್ಟೆಗೆ ವಾಸನೆಯೇ ಇಲ್ಲ, ಇಲ್ಲಿ ಹೂವಿನ ಹಾಗೆ ಘಮ್ಮಂತಿರತ್ತೆ ಅಂತಾನಾ?… ಇನ್ಮೇಲೆ ಇಲ್ಲೇ ಇರ್ತೀನಿ ಅಂತಾನಾ?

…

ಅಳ್ತಿಲ್ಲ. ಹಬೆ ಬಡೀತು ಕಣ್ಣಿಗೆ.

…

ಇರ್ಲಿ ಬಿಡಿ. ನಿಮ್ಮ ಮಗು, ನಿಮ್ಮ ಮನೆ. ಎತ್ತಿ ಆಡಿಸಿದೋಳಿಗೆ ಕೈನೋವೇ ಉಂಬಳಿ. ಒಂದು ಮಾತು ಮಾತ್ರ ನಡೆಸ್ಕೊಡಿ, ನಿಮ್ಮ ದೇವರಾಣೆ. ಅವಳ ಅಂಗಿ ಬರೀ ನೀರಲ್ಲಿ ಇನ್ನೊಂದು ಸಲ ಜಾಲಿಸೋಕೆ ಹೇಳಿ. ಕುತ್ತಿಗೆ ಪಟ್ಟಿ ಹೊಲಿಗೆಯಲ್ಲಿ ಪುಡಿ ಕೂತಿರತ್ತೆ, ಅಲ್ಲೇ ಮೊದಲು ಕೆಂಪಾಗೋದು.

…

ಅವಳಿಗೇ ಕೊಡ್ತೀರಾ? ಕೊಡಿ, ಕೊಡಿ… ಪುಟ್ಟೀ… ಹಾಂ, ಚಿಕ್ಕಿ ಕಣೇ. ತುರಿಸ್ತಿದ್ಯಾ ಬಂಗಾರ?… ಇಲ್ವಾ? ಮತ್ತೆ ಅದೇನು ಪರಪರ ಅಂತ ಕೇಳ್ತಿದೆ?

…

ಯಾಕೇ ಪಿಸುಗುಡ್ತೀಯ, ಜೋರಾಗಿ ಹೇಳು… ತುರಿಸ್ತಿದೆ ಅಂದ್ರೆ ಅಮ್ಮ ಬೇಜಾರು ಮಾಡ್ಕೋತಾಳಾ?… ಯಾವ ಅಮ್ಮ, ಪುಟ್ಟಿ?

…

ಹಲೋ?… ಪುಟ್ಟೀ, ಹಲೋ…